ಆರುನೂರೈವತ್ತು ವಾಟ್ ಅನುಮಾನ

ಹೋದ ಭಾನುವಾರ ಭದ್ರಾವತಿ ನ್ಯೂ ಟೌನಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅಂಗಡಿಯವನು ನನ್ನನ್ನು ಕೇಳಿದ. "ಸಾರ್, ನೀವು ಪೊಲೀಸಾ?"

"ಅಲ್ಲ. ಈ ಹುಡುಗಿ ಅಪ್ಪ."

"ಹಾಗಾದ್ರೆ ಇನ್ನೂ ಕಷ್ಟ" ಎಂದ.

ಅವನದೇನೂ ತಪ್ಪಿಲ್ಲ. ಅವನು ಕೊಟ್ಟ ಕಬ್ಬಿಣದ ಡಬ್ಬವನ್ನು ನಾನು ಕೈಯಲ್ಲಿ ತೂಗಿ ನೋಡಿದ್ದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದೆ. ಮೂಸಿಯೂ ಆಗಿತ್ತು. ಮೇಲಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆಯಲು ಶುರುಮಾಡಿದಾಗ ಅವನಿಗೆ ತಡೆಯಲಾಗಲಿಲ್ಲ. (ಸ್ಟಿಕ್ಕರ್ ಸುಲಭವಾಗಿ ಎದ್ದು ಬಂದರೆ ಮಾಲು ಡೂಪ್ಲಿಕೇಟ್ ಎಂಬುದು ನನ್ನದೊಂದು ಸಿದ್ಧಾಂತ. ಯಾರು ಹೇಳಿದ್ದು ಎಂದು ಕೇಳಬೇಡಿ.)

ನನ್ನೊಳಗಿನ ಅನುಮಾನದ ಪಿಶಾಚಿ ಇಂದು ನಿನ್ನೆಯದಲ್ಲ. ಪೆಟ್ರೋಲ್ ಬಂಕಿನಲ್ಲಿ ಮೀಟರಿನಿಂದ ಕಣ್ಣು ಕೀಳದವನು, ಎಳನೀರು ಕುಡಿದ ಮೇಲೂ ಕಾಯಿ ಹಳೆಯದೇನೋ ಎಂದು ಇಣುಕಿ ನೋಡುವವನು ನಾನು. "ನಮ್ಮನೇಲಿ ಅನುಮಾನದ ಖಾತೆ ಇವರದ್ದು" ಎಂದು ಹೆಂಡತಿ ಸುಮಾ ನೆಂಟರಿಗೆಲ್ಲ ನನ್ನನ್ನು ಪರಿಚಯಿಸುತ್ತಾಳೆ.

ಆ ಡಬ್ಬದ ಹೆಸರು ಎಸ್‌ಎಂಪಿಎಸ್. ಗೋಡೆಯಿಂದ ಬರುವ ಕರೆಂಟನ್ನು ಪಳಗಿಸಿ, ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಹಂಚುವುದು ಅದರ ಕೆಲಸ. ಮಗಳು ಸಿಂಚನ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರಿನ ಒಂದೊಂದೇ ಭಾಗ ಕೊಂಡು ಜೋಡಿಸುತ್ತಿದ್ದಾಳೆ. ಪರದೆಯ ಮೇಲೆ ಆಟದ ಚಿತ್ರ ಮೂಡಿಸುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬಂದ ದಿನ ಅದನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಓಡಾಡಿದ್ದಳು.

"ಅಪ್ಪಾ, ಎಸ್‌ಎಂಪಿಎಸ್ ಕಳಪೆ ಆದ್ರೆ ತಾನೊಂದೇ ಸಾಯಲ್ಲ, ಕಾರ್ಡನ್ನೂ ಕರ್ಕೊಂಡು ಹೋಗುತ್ತೆ" ಎಂದಳು. ನನಗೆ ಅಷ್ಟು ಸಾಕಿತ್ತು.

ಶಿವಮೊಗ್ಗದ ಮೊದಲ ಅಂಗಡಿಯಲ್ಲಿ ಕಂಪ್ಯೂಟರಿನ ಹೊರಪೆಟ್ಟಿಗೆ ತೋರಿಸಿ, "ಕ್ಯಾಬಿನೆಟ್ ತಗೊಂಡ್ರೆ ಎಸ್‌ಎಂಪಿಎಸ್ ಫ್ರೀ ಸಾರ್" ಎಂದರು. ಫ್ರೀ? ಕರಿಬೇವಿಗೂ ದುಡ್ಡು ಕೇಳುವ ಕಾಲದಲ್ಲಿ? ಅಪ್ಪ ಮಗಳು ಒಟ್ಟಿಗೇ ಹೊರಗೆ ಬಂದೆವು.

ಎರಡನೆಯವರು ಸಾವಿರ ವಾಟಿನದನ್ನು ಮುಂದಿಟ್ಟರು. "ಮುಂದೆ ದೊಡ್ಡ ಕಾರ್ಡ್ ಹಾಕ್ತೀರಲ್ಲ, ಈಗ್ಲೇ ತಗೊಂಬಿಡಿ." ನಮ್ಮ ಮುಂದಿನ ಚಿಂತೆ ಇವರಿಗೇಕೆ? ಸಿಂಚನಳ ಲೆಕ್ಕದಲ್ಲಿ ಆರುನೂರೈವತ್ತು ವಾಟ್ ಸಾಕು. ಆ ಲೆಕ್ಕದ ಮೇಲೂ ನನಗೆ ಅನುಮಾನವೇ. ವಾಟ್ ಏರಿದ ಹಾಗೆ ಕರೆಂಟ್ ಬಿಲ್ಲೂ ಏರುವುದಿಲ್ಲವೇ?

"ಅಪ್ಪಾ, ಅಷ್ಟು ಕೊಡೋ ತಾಕತ್ತಿದೆ ಅಂತ ಅರ್ಥ. ಎಳೆಯೋದು ಬೇಕಾದಷ್ಟೇ. ಟ್ಯಾಂಕ್ ದೊಡ್ಡದು ಅಂತ ನೀವು ಎರಡು ಸಲ ಸ್ನಾನ ಮಾಡ್ತೀರಾ?"

ಡಬ್ಬಗಳ ಮೇಲೆ ಬ್ರಾಂಜ್, ಗೋಲ್ಡ್ ಎಂದೆಲ್ಲ ಬರೆದಿರುತ್ತದೆ. ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎನ್ನುವುದಕ್ಕೆ ಕೊಟ್ಟ ದರ್ಜೆಯಂತೆ. ಕೊಟ್ಟವರು ಯಾರು? ಅವರನ್ನು ನೋಡಿದವರು ಯಾರು?

ಹೀಗೆ ಊರೆಲ್ಲ ಸುತ್ತಿ ಕೊನೆಗೆ ಭದ್ರಾವತಿ. ಸ್ಟಿಕ್ಕರ್ ಏಳಲಿಲ್ಲ. ಬಿಲ್ಲು, ವಾರಂಟಿ, ಸೀಲು ಎಲ್ಲ ನೋಡಿ ಆರುನೂರೈವತ್ತರ ಡಬ್ಬವನ್ನು ಶಿವಮೊಗ್ಗ ವಿನೋಬನಗರದ ನಮ್ಮ ಮನೆಗೆ ತಂದೆವು.

ಸಂಜೆ ಜೋಡಣೆ ಮುಗಿಯಿತು. ಬಣ್ಣಬಣ್ಣದ ದೀಪ ಹತ್ತಿ ಮಗಳ ರೂಮು ಗಣಪತಿ ಪೆಂಡಾಲಾಯಿತು. ಸಿಂಚನ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದಳು.

"ಅಮ್ಮಾ!" ಎಂದು ಕೈ ಕಿತ್ತುಕೊಂಡಳು.

ನಾನು ಓಡಿಹೋಗಿ ಶಾಕ್ ಹೊಡೆದ ಕೈಯನ್ನು ಹಿಡಿದು ತಿರುಗಿಸಿ ನೋಡಿದೆ. ಅವಳಿಗೇನೂ ಆಗಿಲ್ಲ ಎಂದು ಗೊತ್ತಾದ ಮೇಲೆ (ನಾಚಿಕೆ ಬಿಟ್ಟು ಹೇಳುತ್ತೇನೆ) ಒಳಗೊಳಗೇ ಒಂದು ಖುಷಿಯೂ ಆಯಿತು. ನೋಡಿದಿರಾ? ನಾನು ಅಂದುಕೊಂಡ ಹಾಗೇ ಆಯಿತಲ್ಲ! ಅಂಗಡಿಗೆ ಫೋನು ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆ.

ಅವನು ಪೂರ್ತಿ ಕೇಳಿಸಿಕೊಂಡ. "ಸಾರ್, ಮನೇಲಿ ಅರ್ಥಿಂಗ್ ಸರಿ ಇದ್ಯಾ? ಒಳ್ಳೆ ಎಸ್‌ಎಂಪಿಎಸ್‌ನಲ್ಲೂ ಚೂರು ಕರೆಂಟ್ ಹೊರಗಿನ ತಗಡಿಗೆ ಬರುತ್ತೆ. ಅದು ನೆಲಕ್ಕೆ ಇಳಿಯೋಕೆ ದಾರಿ ಬೇಕು. ಡೌಟಿದ್ರೆ ತಗೊಂಡ್ ಬನ್ನಿ, ಇಲ್ಲೇ ಹಾಕಿ ತೋರಿಸ್ತೀನಿ."

ಏನು ಹೇಳುತ್ತಿದ್ದಾನೆ ಇವನು? ನಮ್ಮ ಮನೆಯ ವೈರಿಂಗ್ ಮಾಡಿದ್ದು ಕುಂಸಿಯ ಗಣೇಶ. ನನ್ನ ಚಿಕ್ಕಪ್ಪನ ಮಗ. ನಮ್ಮವನು! ಮಾಲು ಹೋಗಲಿ, ಈಗ ನನ್ನ ಮನೆತನಕ್ಕೇ ಕೈ ಹಾಕುತ್ತಿದ್ದಾನಲ್ಲ ಎಂದು ಮೈ ಉರಿಯಿತು.

ನಾನು ಉರಿಯುತ್ತಿರುವಾಗಲೇ ಸಿಂಚನ ಮೇನ್ ಆಫ್ ಮಾಡಿ, ಗೋಡೆಯ ಬೋರ್ಡು ಬಿಚ್ಚಿದ್ದಳು. ಪ್ಲಗ್ಗಿನ ಮೂರನೇ ತೂತಿನ ಹಿಂದೆ ಅರ್ಥಿಂಗ್ ವೈರೇ ಇಲ್ಲ. ಹಾಲಿನ ಬೋರ್ಡಿನಲ್ಲೂ ಇಲ್ಲ. ಫ್ರಿಜ್ಜಿಗಿಲ್ಲ. ವಾಷಿಂಗ್ ಮಷೀನಿಗೂ ಇಲ್ಲ.

"ಮಷೀನ್ ಮುಟ್ಟಿದ್ರೆ ಜುಂ ಅನ್ನುತ್ತೆ ಅಂತ ಎಷ್ಟು ಸಲ ಹೇಳಿದೀನಿ" ಎಂದಳು ಬಾಗಿಲಲ್ಲಿ ನಿಂತಿದ್ದ ಸುಮಾ. "ವೈರಿಂಗ್ ಎಲ್ಲಾ ಸರಿ ಇದೆ, ಚಪ್ಪಲಿ ಹಾಕ್ಕೋ ಅಂದ್ರಿ."

ಹೌದು, ಅಂದಿದ್ದೆ. ಅವಳು ಹಾಕಿಕೊಂಡಳು ಕೂಡ. ಮಷೀನಿನ ಪಕ್ಕ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಸದಾ ಇರುತ್ತದೆ. ಬಟ್ಟೆ ಹಾಕುವಾಗ ಮೆಟ್ಟು, ತೆಗೆಯುವಾಗ ಮೆಟ್ಟು. ಅವಳ ಮಾತನ್ನು ನಾನು ಕರೆಂಟಿನ ದೂರು ಎಂದು ಕೇಳಿಸಿಕೊಳ್ಳಲೇ ಇಲ್ಲ. ನಮ್ಮ ಕಡೆಯವರ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದಾಳೆ ಎಂದುಕೊಂಡಿದ್ದೆ.

ಗಣೇಶನಿಗೆ ಫೋನು ಮಾಡಿದೆ. "ಅಲ್ಲ ಮಾರಾಯ, ಅರ್ಥ್ ವೈರೇ ಎಳೆದಿಲ್ವಲ್ಲೋ?"

"ಮೀಟರ್ ಬೋರ್ಡ್ ತನಕ ತಂದಿದ್ದೆ ಅಣ್ಣ. ಗೃಹಪ್ರವೇಶ ಹತ್ರ ಬಂತಲ್ಲ, ಒಳಗಡೇದು ಆಮೇಲೆ ಎಳೆಯೋಣ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ನೀವೂ ಕೇಳ್ಲಿಲ್ಲ."

ಕೇಳಲಿಲ್ಲ, ನಿಜ. ಗುರುತಿಲ್ಲದವನ ಸ್ಟಿಕ್ಕರನ್ನು ಧೈರ್ಯವಾಗಿ ಕೆರೆಯುತ್ತೇವೆ. ನಮ್ಮವರದ್ದನ್ನು ಕೆರೆದರೆ ಸಂಬಂಧವೇ ಕಿತ್ತು ಬರುತ್ತದೆ ಎಂಬ ಭಯ. ಮದುವೆ ಮನೆಯ ಅಡುಗೆಗೆ ನಮ್ಮವನು, ಜಾಗದ ಪತ್ರ ನೋಡಲು ನಮ್ಮವನು, ಹಲ್ಲು ಕೀಳಿಸಲೂ ನಮ್ಮವನೇ ಆಗಬೇಕು. ಅವನಿಗೆ ಕೆಲಸ ಬರುತ್ತದೆಯೇ ಎಂದು ಕೇಳಿದವರುಂಟೇ? ಕೇಳಿದವಳು ಹೊರಗಿನಿಂದ ಬಂದ ಸೊಸೆಯಾಗಿದ್ದರಂತೂ ಮುಗಿದೇ ಹೋಯಿತು, ಅನುಮಾನವೆಲ್ಲ ಅವಳ ಮೇಲೆ.

ಮರುದಿನ ನಮ್ಮವನಲ್ಲದ ಎಲೆಕ್ಟ್ರಿಷಿಯನ್ ಬಂದು ಮೀಟರ್ ಬೋರ್ಡಿನಿಂದ ಪ್ರತಿ ಪ್ಲಗ್ಗಿಗೂ ಹಸಿರು ವೈರ್ ಎಳೆದ. ಕಂಪ್ಯೂಟರ್ ಮುಟ್ಟಿದರೆ ಈಗ ಏನೂ ಆಗುವುದಿಲ್ಲ. ಸಿಂಚನ ಆಟದಲ್ಲಿ ಮುಳುಗಿದ್ದಾಳೆ. ಭದ್ರಾವತಿಯವನಿಗೆ ಫೋನು ಮಾಡಿ ತಪ್ಪಾಯಿತು ಎಂದೆ. "ಪರ್ವಾಗಿಲ್ಲ ಸಾರ್, ಪ್ರಿಂಟರ್ ಬೇಕಾದ್ರೂ ಹೇಳಿ" ಎಂದ. (ಪ್ರಿಂಟರ್ ಯಾಕೆ ಅಂದನೋ, ನೋಡಬೇಕು.)

ನಿನ್ನೆ ಬೆಳಿಗ್ಗೆ ಸುಮಾ ಮಷೀನಿಗೆ ಬಟ್ಟೆ ಹಾಕುತ್ತಿದ್ದಳು. ಕಾಲಲ್ಲಿ ಅದೇ ನೀಲಿ ಚಪ್ಪಲಿ.

"ಎಲ್ಲಾ ಸರಿ ಆಯ್ತಲ್ಲೇ, ಇನ್ನೂ ಯಾಕೆ ಅದು?" ಎಂದೆ.

ಅವಳು ತಿರುಗಿಯೂ ನೋಡಲಿಲ್ಲ. "ಸರಿ ಆಗಿದೆ ಅಂತ ಹೇಳ್ತಿರೋದು ನೀವು. ಹೋದ ಸಲಾನೂ ನೀವೇ ತಾನೆ ಹೇಳಿದ್ದು?"