ಕೆಳಬೀದಿಯವರು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇದು ಯಾರೋ ಹೇಳಿದ್ದಲ್ಲ. ಹೋದ ಬೇಸಿಗೆಯಲ್ಲಿ ಭದ್ರಾವತಿಯಲ್ಲಿ ನನಗೇ ಆದದ್ದು. ಇದನ್ನು ಬರೆಯುವಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗುತ್ತಿಲ್ಲ...

ನಾನು ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಸಣ್ಣ ಆಫೀಸಿನಲ್ಲಿ ಮ್ಯಾಪ್ ಕೆಲಸ ಮಾಡುತ್ತೇನೆ. ಹಳೆಯ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಮತ್ತೆ ಬಿಡಿಸುವುದು. ಪಕ್ಕದ ಕುರ್ಚಿ ಸೆಲ್ವಿಯದು. ಅವಳು ಭದ್ರಾವತಿಯ ಹುಡುಗಿ. ಅಮ್ಮನ ಜೊತೆ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಇದ್ದಾಳೆ.

ಆಗ ನಮ್ಮ ಕೈಗೆ ಬಂದಿದ್ದು ಜೆಕ್ ದೇಶದ ಒಂದು ಪುಟ್ಟ ಊರು. ಅದರ ಹೆಸರು ನಮ್ಮ ನಾಲಿಗೆಗೆ ತಿರುಗಲೇ ಇಲ್ಲ. ಮೂರು ಕಡೆ ಸುತ್ತಿಕೊಂಡು ಹರಿಯುವ ಹೊಳೆ, ನಡುವೆ ಕಲ್ಲು ಹಾಸಿದ ಚೌಕ, ದಿಬ್ಬದ ಮೇಲೆ ಚರ್ಚು. ಹೊಳೆಗೆ ಅಂಟಿಕೊಂಡಂತೆ ಕೆಳಬೀದಿ. ಚರ್ಮ ಹದ ಮಾಡುವವರು, ಬಟ್ಟೆಗೆ ಬಣ್ಣ ಹಾಕುವವರು ತಲೆತಲಾಂತರದಿಂದ ಇದ್ದ ಜಾಗ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿದ್ದ ಜರ್ಮನ್ ಮಾತಿನವರನ್ನು ಊರು ಬಿಡಿಸಿದರಂತೆ. ಅವರ ಮನೆಗಳಿಗೆ ಬೇರೆಯವರು ಬಂದರು. ಕೊನೆಗೆ ಅಣೆಕಟ್ಟು ಬಂತು, ಕೆಳಬೀದಿ ಪೂರ್ತಿ ನೀರಿನಡಿ ಹೋಯಿತು. ಆ ಬೀದಿಯನ್ನು ಪರದೆಯ ಮೇಲಾದರೂ ಮತ್ತೆ ನೋಡಬೇಕೆಂಬುದು ಅಲ್ಲಿನವರ ಆಸೆ. ಯಾರ ಜೀವವೂ ಹೋಗಿಲ್ಲ, ಎಲ್ಲರನ್ನೂ ಮೊದಲೇ ಮೇಲಕ್ಕೆ ಸಾಗಿಸಿದ್ದರು ಎಂದು ನಮಗೆ ಹೇಳಿದ್ದರು.

ಕೆಳಬೀದಿ ಸೆಲ್ವಿಯ ಪಾಲಿಗೆ ಬಂತು. ವಾರಗಟ್ಟಲೆ ಬೇರೆ ಧ್ಯಾನವೇ ಇರಲಿಲ್ಲ ಅವಳಿಗೆ.

“ಅಕ್ಕಾ, ನೋಡಿಲ್ಲಿ. ಬಾವಿ ದಾಟಿ ಬಲಕ್ಕೆ ತಿರುಗಿದ್ರೆ ಚರ್ಚಿನ ಮೆಟ್ಲು. ಎಡಕ್ಕೆ ತಿರುಗಿದ್ರೆ ಸೀದಾ ಹೊಳೆ. ಕತ್ತಲಲ್ಲಿ ಯಾರಾದ್ರೂ ತಪ್ಪಿದ್ರೆ ಏನ್ ಗತಿ?”

“ಸುಮ್ನೆ ಗೆರೆ ಎಳಿ ಮಾರಾಯ್ತಿ,” ಎಂದು ನಾನು ನಕ್ಕಿದ್ದೆ.

ಏಪ್ರಿಲ್‌ನಲ್ಲಿ ಅವಳಮ್ಮ ನೆಂಟರ ಮದುವೆಗೆಂದು ಸೇಲಂಗೆ ಹೋದರು. ಒಬ್ಬಳೇ ಇರಲು ಹೆದರಿಕೆ ಎಂದು ಸೆಲ್ವಿ ನನ್ನನ್ನು ಕರೆದಳು. ಕೆಲಸ ಮುಗಿಸಿ ಇಬ್ಬರೂ ನನ್ನ ಸ್ಕೂಟರಿನಲ್ಲಿ ಹೋದೆವು. ಆ ಸಾಲಿನ ಅರ್ಧ ಮನೆಗಳು ಖಾಲಿ. ಬಾಗಿಲು ಕಿತ್ತವು, ಹೆಂಚು ಉದುರಿದವು. ಎದುರು ಮನೆಯ ಯಲ್ಲಯ್ಯ ತಾತ ಮಾತ್ರ ಸೆಕೆ ತಾಳದೆ ಅಂಗಳದಲ್ಲಿ ಮಂಚ ಹಾಕಿಕೊಂಡು ಮಲಗಿದ್ದರು.

ಊಟ ಮಾಡಿ ತಟ್ಟೆ ತೊಳೆಯುತ್ತಿದ್ದೆ. ಕರೆಂಟ್ ಹೋಯಿತು.

ಫ್ಯಾನು ನಿಂತ ಮೇಲೆ ಸೆಕೆ ಏರಬೇಕಿತ್ತಲ್ಲ... ಇಲ್ಲ. ಕಾಲ ಬಳಿ ತಣ್ಣನೆಯ ಗಾಳಿ ಸುಳಿಯಿತು. ಅದರ ಜೊತೆ ಕೊಳೆತ ಎಲೆ, ಕಲ್ಲಿದ್ದಲ ಹೊಗೆ, ಹಸಿ ಚರ್ಮದ ವಾಸನೆ. ಹೊರಗೆ ನೀರು ಕಲ್ಲಿಗೆ ಬಡಿಯುವ ಸದ್ದು. ಚಪ್... ಚಪ್... ಭದ್ರಾ ಹೊಳೆಯಲ್ಲಿ ಬರೀ ಬಂಡೆ ಕಾಣುತ್ತಿದ್ದ ದಿನಗಳವು.

“ಸೆಲ್ವಿ, ನಲ್ಲಿ ಬಿಟ್ಟಿದ್ದೀಯೇನೇ?”

ಮೊಬೈಲಿನ ಟಾರ್ಚ್ ಹಾಕಿದೆ. ಮುಂಬಾಗಿಲು ತೆರೆದಿತ್ತು. ಹೊಸಿಲ ಮೇಲೆ ಬರಿಗಾಲಲ್ಲಿ ಸೆಲ್ವಿ ನಿಂತಿದ್ದಳು.

“ನೀರು ಬರ್ತಿದೆ ಅಕ್ಕಾ... ಮೇಲಕ್ಕೆ ಹೋಗ್ಬೇಕು.” ಪಿಸುಮಾತು. ಅಷ್ಟು ಹೇಳಿ ಕತ್ತಲಿಗಿಳಿದು ಹೊರಟೇ ಬಿಟ್ಟಳು.

ಹಿಂದೆಯೇ ಓಡಿದೆ. ಹುಟ್ಟಿ ಬೆಳೆದ ಬೀದಿಯಲ್ಲಿ ನಡೆಯುವಂತೆ ಅವಳು ನಡೆಯುತ್ತಿರಲಿಲ್ಲ. ಏನೂ ಇಲ್ಲದ ಬಯಲಲ್ಲಿ ಯಾವುದೋ ಕಟ್ಟೆಯನ್ನು ಬಳಸುವಂತೆ ಸುತ್ತು ಹಾಕಿದಳು. ಬಾವಿ! ನಕ್ಷೆಯಲ್ಲಿದ್ದ ಅದೇ ಬಾವಿ. ಮೂಲೆಗೆ ಬಂದವಳು ಎಡಕ್ಕೆ ತಿರುಗಿದಳು.

ಸೆಲ್ವಿಯ ಈ ಬೀದಿಯಲ್ಲೂ ಎಡಕ್ಕೆ ಹೋದರೆ ಹೊಳೆಯೇ. ದಂಡೆಯ ಗೋಡೆ ಕುಸಿದು ಬಿದ್ದಿದೆ. ಕೆಳಗೆ ಆಳದಲ್ಲಿ ಬಂಡೆ.

“ಸೆಲ್ವಿ! ನಿಂತ್ಕೊಳೇ!”

ಅದು ತನ್ನ ಹೆಸರೇ ಅಲ್ಲವೆಂಬಂತೆ ನಡೆಯುತ್ತಲೇ ಇದ್ದಳು. ಮತ್ತೆ ಕೂಗಿದೆ. ಇಲ್ಲ. ಆಗ ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ...

“ಚರ್ಚು ಬಲಕ್ಕೆ! ಮೆಟ್ಲು ಬಲಕ್ಕಿದೆ!”

ನಿಂತಳು. ಅವಳ ಕಾಲಡಿಯಿಂದ ಕಲ್ಲೊಂದು ಉರುಳಿ ಕೆಳಗೆ ಬಿದ್ದ ಸದ್ದು ತಡವಾಗಿ ಕೇಳಿಸಿತು. ನಿಧಾನವಾಗಿ ತಿರುಗಿ ನನ್ನ ಕಡೆ ಬಂದಳು. ಅವಳ ಕೈ ಹಿಡಿದುಕೊಂಡೆ, ಮಂಜುಗಡ್ಡೆಯ ಹಾಗಿತ್ತು. ಮೂಲೆ ದಾಟಿ, ನೀರಿನ ಟ್ಯಾಂಕ್ ಇರುವ ದಿಬ್ಬದ ಕಡೆ ಎಳೆದುಕೊಂಡು ಹತ್ತತೊಡಗಿದೆ.

ಆಗಲೇ ಕೇಳಿಸಿದ್ದು.

ನಮ್ಮ ಹಿಂದೆ ಹೆಜ್ಜೆಗಳು... ಒಬ್ಬರದಲ್ಲ, ಇಬ್ಬರದಲ್ಲ. ಒದ್ದೆ ಕಾಲಿನ ಸಪ್ಪಳ, ಮರದ ಅಟ್ಟೆಯ ಟಕಟಕ, ಯಾರದೋ ಅದುಮಿಟ್ಟ ಕೆಮ್ಮು. ಟಾರ್ಚನ್ನು ಹಿಂದಕ್ಕೆ ತಿರುಗಿಸುವ ಧೈರ್ಯ ನನಗೆ ಬರಲಿಲ್ಲ. ಸೆಲ್ವಿಯ ಕೈ ಬಿಡದೆ ಹತ್ತುತ್ತಲೇ ಹೋದೆ.

ಟ್ಯಾಂಕಿನ ಬುಡ ಮುಟ್ಟಿದ್ದೇ ಹೆಜ್ಜೆಗಳೆಲ್ಲ ಒಮ್ಮೆಲೇ ನಿಂತವು.

“ಎಲ್ಲಾರೂ ಬಂದ್ರಾ?” ಸೆಲ್ವಿ ಮೆಲ್ಲಗೆ ಕೇಳಿದಳು.

ಇದೊಂದು ಮುಗಿದರೆ ಸಾಕಾಗಿತ್ತು. “ಬಂದ್ರು,” ಎಂದೆ.

ಕರೆಂಟ್ ಬಂತು. ಕೆಳಗೆ ಊರಿನ ದೀಪಗಳು ಹೊತ್ತಿಕೊಂಡವು. ಸೆಲ್ವಿ ಕುಸಿದು ಕೂತು ಅಳತೊಡಗಿದಳು. “ಅಕ್ಕಾ, ನಾನ್ಯಾಕೆ ಇಲ್ಲಿದ್ದೀನಿ?” ಅವಳ ಚೂಡಿದಾರ್ ಮೊಣಕಾಲವರೆಗೂ ತೊಯ್ದು ನೀರು ತೊಟ್ಟಿಕ್ಕುತ್ತಿತ್ತು. ನಾವು ಹೋದ ದಾರಿಯಲ್ಲಿ ಒಂದು ಹನಿ ನೀರಿರಲಿಲ್ಲ. ಸುತ್ತ ಯಾರೂ ಇರಲಿಲ್ಲ.

ಮನೆಗೆ ಬಂದು ಚಿಲಕ ಹಾಕಿ, ಬೆಳಗಾಗುವವರೆಗೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದೆವು. ತಟ್ಟೆ ಎತ್ತಿಟ್ಟ ನಂತರದ್ದು ಯಾವುದೂ ಅವಳಿಗೆ ನೆನಪಿಲ್ಲ. ಇವತ್ತಿಗೂ ಇಲ್ಲ.

ಬೆಳಿಗ್ಗೆ ಸ್ಕೂಟರ್ ಹೊರಗೆ ತೆಗೆಯುವಾಗ ಯಲ್ಲಯ್ಯ ತಾತ ಕರೆದರು.

“ಏನಮ್ಮಾ, ರಾತ್ರಿ ಅಷ್ಟು ಜನ ಎಲ್ಲಿಗೆ ಹೊರಟಿದ್ರಿ?”

“ನಾವಿಬ್ರೇ ತಾತ.”

ಅವರು ನನ್ನ ಮುಖವನ್ನೇ ನೋಡಿದರು. “ನನ್ ಕಣ್ಣು ಅಷ್ಟೇನೂ ಹಾಳಾಗಿಲ್ಲಮ್ಮ. ಕೊನೇಲಿ ಒಬ್ಬಳು ಮಗು ಎತ್ಕೊಂಡು ಹಿಂದೆ ಬಿದ್ದಿದ್ಳು. ಮೂಲೇಲಿ ನಿಂತು ಆ ಕಡೆ ಈ ಕಡೆ ನೋಡಿದ್ಳು, ಪಾಪ. ಆಮೇಲೆ ಎಡಕ್ಕೆ ಹೋದ್ಳು. ನಿಮ್ ಜೊತೆ ಬಂದು ಸೇರ್ಕೊಂಡ್ಳಾ?”

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಸೆಲ್ವಿಗೆ ಇದನ್ನು ಈವರೆಗೆ ತಿಳಿಸಿಲ್ಲ. ಎಲ್ಲಾರೂ ಬಂದ್ರಾ ಎಂದು ಅವಳು ಕೇಳಿದಾಗ “ಬಂದ್ರು” ಎಂದವಳು ನಾನು. ತಿರುಗಿ ನೋಡಿರಲಿಲ್ಲ...