‘ಪರ್ವಾಗಿಲ್ಲ’ ಅಂದ ಹುಡುಗ

ಕಳೆದ ಭಾನುವಾರ ನನ್ನನ್ನು ನೋಡಲು ಯಳಂದೂರಿನಿಂದ ಒಬ್ಬ ಹುಡುಗ ಬಂದಿದ್ದ. ಸೋಮವಾರ ಬೆಳಿಗ್ಗೆ ಸಂಬಂಧ ತಂದಿದ್ದ ಮಾದಪ್ಪಣ್ಣ ಫೋನ್ ಮಾಡಿದರು. ಅಪ್ಪ ಸ್ಪೀಕರ್ ಹಾಕಿದ.

"ಉಡ್ಗ ಪರ್ವಾಗಿಲ್ಲ ಅಂದವ್ನೆ ಕಣಪ್ಪಾ."

ಅಷ್ಟೇ. ಅಪ್ಪನ ಮುಖ ಅರಳಿತು. ಅಮ್ಮ ಒಳಗೆ ಹೋಗಿ ಕೇಸರಿಬಾತಿಗೆ ರವೆ ಹುರಿಯತೊಡಗಿದಳು. ನಾನೊಬ್ಬಳೇ ತಲೆಗೆ ಎಣ್ಣೆ ಹಚ್ಚುತ್ತಿದ್ದ ಕೈಯನ್ನು ಹಾಗೇ ಹಿಡಿದು ನಿಂತೆ.

ಪರವಾಗಿಲ್ಲವೇ? ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಪರವಾಗಿಲ್ಲ, ನಿಂತು ಹೋಗಬಹುದು. ಸಾರಿಗೆ ಉಪ್ಪು ಕಮ್ಮಿಯಾದರೆ ಪರವಾಗಿಲ್ಲ, ಮೇಲೆ ಹಾಕಿಕೊಳ್ಳಬಹುದು. ಬದುಕೆಲ್ಲ ಜೊತೆಗಿರಬೇಕಾದ ಹೆಂಗಸಿನ ಬಗ್ಗೆ ಹೇಳುವ ಮಾತೇ ಇದು?

"ಅಂದ್ರೆ ಒಪ್ಪಿದ್ನೋ ಇಲ್ವೋ?" ಎಂದೆ.

"ಪರ್ವಾಗಿಲ್ಲ ಅಂದ್ಮೇಲೆ ಮುಗೀತಲ್ಲವ್ವಾ. ಇನ್ನೇನು, ಬಂದು ನಿನ್ ಮುಂದೆ ಕುಣೀಬೇಕಾ?" ಎಂದ ಅಪ್ಪ.

(ಹೌದು, ಕುಣಿಯಬೇಕು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.)

ನಾನು ಕೊಳ್ಳೇಗಾಲದಿಂದ ಹನೂರಿನ ಶಾಲೆಗೆ ದಿನವೂ ಬಸ್ಸಿನಲ್ಲಿ ಓಡಾಡುವವಳು, ಆ ದಾರಿಯಲ್ಲಿ ಮೊಬೈಲ್‌ನಲ್ಲಿ ಸಿನಿಮಾ ನೋಡುವವಳು, ನೋಡಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವವಳು ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಪ್ರೇಮಕಥೆಗಳ ಲೆಕ್ಕ ಬೇರೆಯೇ ಇದೆ. ಮೊನ್ನೆ ತಿರುವಿ ನೋಡಿದೆ. ಹೆಚ್ಚಿನವು ತಾಳಿಗೆ ಮುಗಿದಿವೆ. ಉಳಿದವು ರೈಲ್ವೆ ಸ್ಟೇಷನ್‌ನಲ್ಲಿ. ಹುಡುಗಿ ರೈಲು ಹತ್ತಿರುತ್ತಾಳೆ, ಹುಡುಗ ಓಡಿ ಬರುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ.

ನಮ್ಮ ಕೊಳ್ಳೇಗಾಲಕ್ಕೆ ರೈಲೇ ಇಲ್ಲ. ಇಲ್ಲಿ ಯಾರಾದರೂ ಹನೂರು ಬಸ್ಸಿನ ಹಿಂದೆ ಹಾಗೆ ಓಡಿ ಬಂದರೆ ಕಂಡಕ್ಟರ್ ಏನೆನ್ನುತ್ತಾರೆ? "ಬಸ್ ಅತ್ತಂಗಿದ್ರೆ ಅತ್ತು, ಬಾಗ್ಲಲ್ಲಿ ನಿಂತ್ಕಬ್ಯಾಡ."

ನಗು ಬರುತ್ತದೆ. ಆದರೆ ಅಷ್ಟೂ ಓಟಗಳನ್ನು ನಂಬಿಕೊಂಡೇ ಬೆಳೆದವಳು ನಾನು. ಭಾನುವಾರ ಕಾಫಿ ಲೋಟ ಕೊಡುವಾಗ ಆ ಹುಡುಗ ತಲೆ ಎತ್ತಿ ನನ್ನನ್ನು ನೋಡಿದ. ಹಿನ್ನೆಲೆಯಲ್ಲಿ ಪಿಟೀಲು ಕೇಳಬೇಕಿತ್ತು. ಕೇಳಿದ್ದು ಪಕ್ಕದ ಮನೆಯ ಮಿಕ್ಸಿ. ಅಂದರೆ ಇವನು ಅವನಲ್ಲವೇ? ಅಥವಾ ಅಂಥವನು ಎಲ್ಲೂ ಇಲ್ಲವೇ?

ಮಂಗಳವಾರ ಸ್ಟಾಫ್ ರೂಮಿನಲ್ಲಿ ವಿಷಯ ಬಂತು. ಹನೂರಿನವರೇ ಆದ ಗಣಿತದ ಮೇಡಂ ನಕ್ಕುಬಿಟ್ಟರು. "ನಿಮ್ದೊಳ್ಳೆ ಕತೆ ಕಣ್ರಿ. ಬೆಳೆ ಭರ್ತಿ ಬಂದಾಗ ನಮ್ಮಪ್ಪ ಏನಂತಿದ್ರು ಗೊತ್ತಾ? ಪರ್ವಾಗಿಲ್ಲ. ನಾನು ಕ್ಲಾಸಿಗೆ ಫಸ್ಟ್ ಬಂದಾಗ? ಪರ್ವಾಗಿಲ್ಲ. ನಮ್ ಕಡೆ ಅದ್ರ ಮೇಲೆ ಇನ್ನೊಂದು ಮಾತಿಲ್ಲ."

ಸಮಾಧಾನವಾಯಿತು. ಸಂಜೆಯ ಬಸ್ಸು ಹತ್ತುವವರೆಗೆ. ಸೀಟಿನಲ್ಲಿ ಕೂತಾಗ ಸುಮಕ್ಕ ನೆನಪಾದಳು.

ಸುಮಕ್ಕ ನನ್ನ ದೊಡ್ಡಪ್ಪನ ಮಗಳು, ಸತ್ತೇಗಾಲಕ್ಕೆ ಕೊಟ್ಟಿದೆ. ಅವಳ ಮದುವೆ ವಿಡಿಯೋ ಥೇಟ್ ಸಿನಿಮಾ. ಡ್ರೋನು, ಸ್ಲೋ ಮೋಷನ್ನು, ಗದ್ದೆ ಬದುವಿನ ಮೇಲೆ ಇಬ್ಬರೂ ಕೈ ಹಿಡಿದು ದೂರ ದೂರಕ್ಕೆ ನಡೆದು ಹೋಗುವುದು, ಕೊನೆಗೆ ಪರದೆ ತುಂಬ ಕೆಂಪು ಹೃದಯ. ಹೋದ ಯುಗಾದಿಗೆ ಬಂದಿದ್ದಳು. "ಹೆಂಗಿದ್ದೀಯಕ್ಕ?" ಎಂದು ಕೇಳಿದೆ. ಒಣಗಿದ ಬಟ್ಟೆ ಮಡಚುತ್ತಿದ್ದಳು. ಮುಖ ಎತ್ತಲಿಲ್ಲ.

"ಪರ್ವಾಗಿಲ್ಲ."

ಮಡಚಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು.

ತುಂಬಿದ ಕಣಕ್ಕೂ ಅದೇ ಪದ, ಸುಮಕ್ಕನ ಮನೆಗೂ ಅದೇ ಪದ. ಯಳಂದೂರಿನವನದು ಇದರಲ್ಲಿ ಯಾವುದು?

ತಡೆಯಲಾಗಲಿಲ್ಲ. ಬುಧವಾರ ಮಧ್ಯಾಹ್ನ ಮಾದಪ್ಪಣ್ಣನಿಂದ ನಂಬರ್ ತೆಗೆದುಕೊಂಡು ನಾನೇ ಫೋನ್ ಮಾಡಿದೆ. (ಅಮ್ಮನಿಗೆ ಇದು ಗೊತ್ತಾಗುವುದು ಈ ಅಂಕಣ ಓದಿದಾಗಲೇ.) ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಹಿಂದೆ ಏನೋ ಗುರ್‌ ಎನ್ನುತ್ತಿತ್ತು.

"ನಾನು ಕೊಳ್ಳೇಗಾಲದಿಂದ ಮಾತಾಡ್ತಿರೋದು."

"ಏಳಿ, ಎಷ್ಟು ಎಚ್‌ಪಿ ಮೋಟ್ರು?"

"ಮೋಟ್ರಲ್ಲ. ಭಾನುವಾರ ನೋಡೋಕೆ ಬಂದಿದ್ರಲ್ಲ, ಆ ಹುಡುಗಿ."

ಗುರ್‌ ಸದ್ದು ನಿಂತಿತು.

"ಪರವಾಗಿಲ್ಲ ಅಂದ್ರಂತೆ. ಅಂದ್ರೆ ಏನು?"

"ಅಂದ್ರೆ... ಪರ್ವಾಗಿಲ್ಲ ಅಂತ. ಅವ್ವ ಕೇಳುದ್ಲು, ಅಂದೆ. ಸಿನ್ಮಾದೋರಂಗೆ ಮಾತಾಡಕ್ಕೆ ನಂಗೆ ಬರಲ್ಲ ಕಣ್ರಿ. ಬಂದಿದ್ರೆ ಅವತ್ತೇ ಆಡ್ತಿರ್ನಿಲ್ವಾ?"

ಆಮೇಲೆ ಅವನೇ ಕೇಳಿದ.

"ನಿಮ್ಗೇನನ್ನುಸ್ತು? ಮಾದಪ್ಪಣ್ಣ ಅದ್ನ ಏಳ್ಲೇ ಇಲ್ಲ."

ಏನು ಹೇಳಲಿ? ಅವನು ಆಡಿದ ಒಂದು ಪದವನ್ನು ಅಷ್ಟು ದಿನದಿಂದ ಅಳೆದು ತೂಗಿ ನೋಡುತ್ತಿದ್ದೆ. ನನಗೇನು ಅನ್ನಿಸಿತು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಾನು ನೋಡಿದ ಸಿನಿಮಾಗಳಲ್ಲಿ ಹುಡುಗ ಓಡಿ ಬರುವವರೆಗೆ ಹುಡುಗಿ ಕಿಟಕಿ ಪಕ್ಕ ಕೂತಿರುತ್ತಾಳೆ. ಅವನು ಬಂದನೆಂದರೆ ಅವಳ ಉತ್ತರವೂ ಬಂದಂತೆ. ಅವಳು ಬೇರೆಯಾಗಿ ಯೋಚಿಸುವ ದೃಶ್ಯವನ್ನು ಯಾರೂ ತೆಗೆದಿಲ್ಲ. ನಾನೂ ಅದೇ ಸೀಟಿನಲ್ಲಿ ಕೂತು ಕಾಯುತ್ತಿದ್ದೆನೇ?

"ಯೋಚನೆ ಮಾಡಿ ಹೇಳ್ತೀನಿ," ಎಂದೆ.

"ಮಾಡಿ. ಆದ್ರೆ ಬಾನುವಾರದೊಳ್ಗೆ ಏಳ್ಬುಡಿ. ಅವ್ವ ಆಗ್ಲೇ ಒಬ್ಬಟ್ಟಿಗೆ ಬೇಳೆ ತಂದವ್ಳೆ."

ಅವನು ಹೇಳಿದ ಭಾನುವಾರ ನಾಳೆಯೇ. ಮನೆ ನೋಡಲು ಅಪ್ಪ, ದೊಡ್ಡಪ್ಪ ಯಳಂದೂರಿಗೆ ಹೋಗುತ್ತಿದ್ದಾರೆ. ನಮ್ಮಲ್ಲಿ ಮನೆ ನೋಡಲು ಹೋದವರು ಒಪ್ಪಿಗೆ ಎಂದು ಬಾಯಲ್ಲಿ ಹೇಳುವುದಿಲ್ಲ. ಎಲೆ ಮುಂದೆ ಕೂತು ಉಂಡರೆ ಸಂಬಂಧ ಗಟ್ಟಿ. ಬರೀ ಕಾಫಿ ಕುಡಿದು ಎದ್ದರೆ ಅಲ್ಲಿಗೆ ಮುಗಿಯಿತು. ಉಂಡ ಮೇಲೆ ಮಾತು ಬದಲಿಸಿದವರನ್ನು ಈ ಸೀಮೆಯಲ್ಲಿ ಮತ್ತೆ ಯಾರೂ ಮನೆಗೆ ಕರೆಯುವುದಿಲ್ಲ.

ಸುಮಕ್ಕನಿಗೆ ಫೋನ್ ಮಾಡಿ ನಿಜ ಕೇಳೋಣ ಎಂದು ಎರಡು ಸಲ ನಂಬರ್ ತೆಗೆದೆ. ಕೇಳಿದರೆ ಅವಳು ಹೇಳಿಬಿಟ್ಟಾಳು ಎಂಬ ಭಯಕ್ಕೆ ಇಟ್ಟುಬಿಟ್ಟೆ.

ಇವತ್ತು ಬೆಳಿಗ್ಗೆ ಅಪ್ಪ ಪಂಚೆಗೆ ಇಸ್ತ್ರಿ ಹಾಕುತ್ತಿದ್ದ. ಅಮ್ಮ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು, ನನ್ನ ಕಡೆ ತಿರುಗದೆಯೇ ಕೇಳಿದ. ಇಷ್ಟು ದಿನದಲ್ಲಿ ಮೊದಲ ಸಲ.

"ಏನವ್ವಾ, ಉಂಡ್ಕಂಡ್ ಬರ್ಲಾ, ಕಾಪಿ ಕುಡ್ಕಂಡ್ ಬರ್ಲಾ?"

ನೀವೇ ಹೇಳಿ, ನಮ್ಮಪ್ಪ ನಾಳೆ ಉಣ್ಣಬೇಕೋ, ಬೇಡವೋ?