ಗೌರವ್ವನ ಬೈಗುಳ ಮತ್ತು ಕೊಲಂಬೊದ ನಲವತ್ತು ರೂಪಾಯಿ

ನೀರು ಕೋಣದ ಬೆನ್ನೇರಿ ಬರುವುದನ್ನು ನಾನು ಮೊದಲು ಕಂಡದ್ದು ವಿಜಾಪುರದಲ್ಲಿ. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೇ ಒಂದು ಕೋಣ. ಅದರ ಬೆನ್ನಿನ ಮೇಲೆ ಜೋತುಬಿದ್ದ ಚರ್ಮದ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. "ಪಖಾಲಿ ಬಂದೈತ್ರಿ, ಕೊಡ ತರ್ರಿ!" ಎಂದು ಅದರ ಯಜಮಾನ ಕೂಗಿದ. ಪಖಾಲಿ ಎಂದರೆ ಆ ಚೀಲ. ಕುಂದಾಪುರದ ಕಡೆ ಹುಟ್ಟಿ ಕೊಲಂಬೊದಲ್ಲಿ ಬೆಳೆದ ನಾನು, ಅಂಗಳಕ್ಕೆ ನುಗ್ಗಿದ ನೀರನ್ನು ಹೊರಗೆ ಹಾಕುವುದು ಹೇಗೆಂದು ಮಾತ್ರ ತಿಳಿದವಳು. ಇಲ್ಲಿ ಅದನ್ನು ದುಡ್ಡು ಕೊಟ್ಟು ಒಳಗೆ ಕರೆಯಬೇಕು!

ಕರಾವಳಿಯ ಓದುಗರೇ, ನೀವು ನಂಬಲಿಕ್ಕಿಲ್ಲ. ಇಲ್ಲಿಯ ಮನೆಗಳಿಗೆ ಇಳಿಜಾರಾದ ಹೆಂಚಿನ ಛಾವಣಿಯೇ ಇಲ್ಲ. ಮೇಲೆ ಚಪ್ಪಟೆ ಮಣ್ಣಿನ ಮಾಳಿಗೆ, ಅದರ ಮೇಲೆ ಹಗಲು ಒಣಗುವ ಮೆಣಸಿನಕಾಯಿ, ಬೇಸಿಗೆಯ ರಾತ್ರಿ ಮಲಗುವ ನಾವು. ತೆಂಗಿನೆಣ್ಣೆ ಬೇಕೆಂದರೆ ಅಂಗಡಿಯವ "ತಲಿಗೇನ್ರಿ?" ಎಂದು ಕೇಳುತ್ತಾನೆ. ಅಡುಗೆಗೆ ಕುಸುಬಿ ಎಣ್ಣೆ, ಊಟಕ್ಕೆ ಜೋಳದ ರೊಟ್ಟಿ. ನಾನು ತಟ್ಟಿದ ಮೊದಲ ರೊಟ್ಟಿ ಸಿಂಹಳ ದ್ವೀಪದ ನಕ್ಷೆಯ ಹಾಗೆ ಬಂದಿತ್ತು. ಎಂಟು ತಿಂಗಳಿಗೆ ದುಂಡಗಾಯಿತು. ಆ ದಿನ ಮನೆಯವರನ್ನು ಶಾಲೆಗೆ ಹೋಗಗೊಡದೆ, ಅದನ್ನು ನೋಡಿದ ಮೇಲೆಯೇ ಬಿಟ್ಟೆ. ಅವರು ಗಂಡುಮಕ್ಕಳ ಶಾಲೆಯ ಮಾಸ್ತರು, ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ 'ಅಕ್ಕೋರು'. ಇಲ್ಲಿ ಶಿಕ್ಷಕಿಯನ್ನು ಕರೆಯುವುದೇ ಹಾಗೆ. ಇಷ್ಟೆಲ್ಲ ಇದ್ದರೂ ಸಂಜೆಯಾದರೆ ಅಮ್ಮನ ನೆನಪಾಗುತ್ತಿತ್ತು.

ಅಮ್ಮ, ತಂಗಿ ಸುಮತಿ ಇಬ್ಬರೇ ಕೊಲಂಬೊದಲ್ಲಿದ್ದರು. ಅಪ್ಪ ನಡೆಸುತ್ತಿದ್ದ ಕಾಫಿ ಹೋಟೆಲು ಅವರು ತೀರಿಕೊಂಡ ಮೇಲೆ ಕೈಬಿಟ್ಟಿತ್ತು. ಯುದ್ಧ ಮುಗಿದ ಮರುವರ್ಷ ಅಮ್ಮನ ಕಣ್ಣಿಗೆ ಪೊರೆ ಬಂತು. ಡಾಕ್ಟರು ಶಸ್ತ್ರಕ್ರಿಯೆಗೆ ಎರಡು ತಿಂಗಳ ಮುಂದಿನ ದಿನ ಕೊಟ್ಟು, ನಲವತ್ತು ರೂಪಾಯಿ ಮುಂಗಡ ತರಬೇಕೆಂದರು. ಅದಾದ ಮೇಲೆ ಅವರು ದೀರ್ಘ ರಜೆಯ ಮೇಲೆ ವಿಲಾಯಿತಿಗೆ ಹೊರಟವರು. ನನ್ನ ಹತ್ತಿರ ಇದ್ದದ್ದೂ ನಲವತ್ತೇ. ಅಂಚೆಯಲ್ಲಿ ಕಳಿಸಿದರೆ ಕಮಿಷನ್ನು. ಪರದೇಶಕ್ಕೆ ಹಣ ಮುಟ್ಟಿಸುವ ಪೇಟೆಯ ಹುಂಡಿ ವ್ಯಾಪಾರಿ ಕೇಳಿದ್ದು ಅದಕ್ಕೂ ಹೆಚ್ಚು. ದಾರಿಯಲ್ಲಿ ಒಂದು ರೂಪಾಯಿ ಸೋರಿದರೂ ಅಮ್ಮನ ಸರದಿ ತಪ್ಪುತ್ತಿತ್ತು.

ಆಗ ಸುಮತಿಯ ಕಾಗದ ಬಂತು. ಪಕ್ಕದ ಊಟದ ಮನೆಯಲ್ಲಿ ಒಬ್ಬ ದಾಂಡಿಗ ದಿನಾ ಜೋಳದ ರೊಟ್ಟಿ ಕೇಳಿ ಜಗಳವಾಡುತ್ತಾನಂತೆ. ಹೆಸರು ಮಲ್ಲಪ್ಪ, ನಮ್ಮ ವಿಜಾಪುರದ ಹತ್ತಿರದ ತಿಕೋಟಾದವನು. ಯುದ್ಧಕಾಲದಲ್ಲಿ ಸೈನ್ಯದ ಅಡುಗೆಯವನಾಗಿ ಹೋಗಿ, ಈಗ ಬಂದರಿನ ಗೋದಾಮಿನಲ್ಲಿದ್ದಾನೆ. ತಾಯಿ ಗೌರವ್ವನಿಗೆ ನಲವತ್ತು ರೂಪಾಯಿ ಕಳಿಸಬೇಕು, ಅವನಿಗೂ ಕಮಿಷನ್ನಿನ ಸಂಕಟ. "ಅಕ್ಕಾ, ಎರಡೂ ದುಡ್ಡು ಸಮುದ್ರ ದಾಟುವುದು ಎಂತಕ್ಕೆ? ನೀನು ಅವನ ತಾಯಿಗೆ ಅಲ್ಲಿ ಕೊಡು, ಅವನು ನಮಗೆ ಇಲ್ಲಿ ಕೊಡುತ್ತಾನೆ" ಎಂದು ಬರೆದಿದ್ದಳು. ಓದಿ ನಾನು ಮಾಳಿಗೆಯ ಮೇಲೆ ಕುಣಿದುಬಿಟ್ಟೆ! ಒಂದೇ ಷರತ್ತು: ದುಡ್ಡು ಮುಟ್ಟಿತೆಂದು ತಾಯಿಯ ಕಾಗದ ಬಂದ ದಿನ ಅವನು ಕೊಡುವುದು. ಹಿಂದೊಮ್ಮೆ ಊರಿಗೆ ಹೊರಟವನೊಬ್ಬನ ಕೈಗೆ ದುಡ್ಡು ಕೊಟ್ಟು ಮೋಸ ಹೋಗಿದ್ದನಂತೆ.

ಭಾನುವಾರವೇ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ, ಮುಖವೆಲ್ಲ ಮಸಿ ಮಾಡಿಕೊಂಡು ತಿಕೋಟಾಕ್ಕೆ ಹೋದೆ. ಗೌರವ್ವ ಒಣಗಿದ ಹುಣಸೆಕಾಯಿಯಂಥ ಸಣ್ಣ ಮುದುಕಿ, ದನಿ ಮಾತ್ರ ಓಣಿಗೆಲ್ಲ ಕೇಳುವಂಥದ್ದು. ನೋಟುಗಳನ್ನು ಕಣ್ಣಿಗೊತ್ತಿ ಸೊಂಟಕ್ಕೆ ಸಿಕ್ಕಿಸಿದಳು. ದುಡ್ಡು ಮುಟ್ಟಿತೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತೆಂದರೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಒಲ್ಲೆ ಬಿಡ್ರಿ ಅಕ್ಕೋರ! ನಮ್ಮ ಮನ್ಯಾಂವ ಒಮ್ಮೆ ಒತ್ತಿ ಹೊಲಾನ ಕಳಕೊಂಡಾನ. ನಾ ಹೇಳ್ತೇನಿ, ನೀವು ಬರೀರಿ. ಏ ಖೋಡಿ, ಬದುಕೀಯೋ ಸತ್ತೀಯೋ? ಮೂರ ವರ್ಷ ಆತು, ಮಾರಿ ತೋರಿಸಿಲ್ಲ..."

ಅಯ್ಯೋ, ಇದನ್ನು ಹೇಗೆ ಬರೆಯುವುದು? ನಾನು ಕನ್ನಡದ ಟೀಚರು. ಕೆಂಪು ಮಸಿ ಹಿಡಿದ ಕೈ ಸುಮ್ಮನಿದ್ದೀತೇ? 'ಚಿರಂಜೀವಿ ಮಲ್ಲಪ್ಪನಿಗೆ ತಾಯಿಯ ಅನೇಕ ಆಶೀರ್ವಾದಗಳು. ನೀನು ಕೊಡಿಸಿದ ಹಣವು ತಲುಪಿ ಪರಮಾನಂದವಾಯಿತು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಟಪಾಲಿಗೆ ಹಾಕಿದೆ. ನನ್ನ ಬರಹಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಐದು ವಾರಕ್ಕೆ ಸುಮತಿಯ ಉತ್ತರ. ಮಲ್ಲಪ್ಪ ಓದಿಸಿ ಕೇಳಿ ಎದ್ದೇ ಹೋದನಂತೆ. "ನಮ್ಮವ್ವ ಹುಟ್ಟಿದಾಗಿಂದ ನನಗ ಆಶೀರ್ವಾದ ಮಾಡಿಲ್ಲ. ಇದು ಖೊಟ್ಟಿ ಕಾಗದ" ಎಂದನಂತೆ. ಖೊಟ್ಟಿ ಎಂದರೆ ಸುಳ್ಳು, ನಕಲಿ. ದುಡ್ಡು ಗೌರವ್ವನ ಸೊಂಟ ಸೇರಿತ್ತು, ಅಮ್ಮನ ಸರದಿಗೆ ಮೂರು ವಾರ ಉಳಿದಿತ್ತು. ಅಡ್ಡಬಿದ್ದದ್ದು ನನ್ನ ಜಾಣತನ!

ಮತ್ತೆ ತಿಕೋಟಾಕ್ಕೆ ಓಡಿದರೆ ಬಾಗಿಲಿಗೆ ಚಿಲಕ. ಮಗಳ ಬಾಣಂತನಕ್ಕೆ ಬಬಲೇಶ್ವರಕ್ಕೆ ಹೋಗಿದ್ದಳು. ಆ ಕಡೆ ಹೊರಟಿದ್ದ ಒಂದು ಖಾಲಿ ಚಕ್ಕಡಿ ಸಿಕ್ಕಿತು. ಕಪ್ಪು ಎರೆಹೊಲಗಳ ನಡುವೆ, ಒಂದು ಮರದ ನೆರಳೂ ಇಲ್ಲದ ದಾರಿಯಲ್ಲಿ, ಎತ್ತುಗಳಿಗಿಂತ ಮುಂದೆ ನನ್ನ ಜೀವ ಓಡುತ್ತಿತ್ತು. ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದ ಗೌರವ್ವ ಕಥೆ ಕೇಳಿ ಮೊದಲು ಬಿದ್ದು ಬಿದ್ದು ನಕ್ಕಳು. ಅಮ್ಮನ ಕಣ್ಣಿನ ವಿಷಯ ಹೇಳಿದಾಗ ನಗು ನಿಂತಿತು.

"ಇದನ್ನ ಮೊದಲ ಯಾಕ ಹೇಳಲಿಲ್ಲ ತಂಗಿ? ಪೆನ್ನ ತಗಿ. ನಾ ಅಂದಂಗ ಬರಿ, ಒಂದ ಅಕ್ಷರ ಶಾಣ್ಯಾತನ ಮಾಡಬ್ಯಾಡ."

ಅಕ್ಕೋರು ಹೋಗಿ ತಂಗಿಯಾಗಿದ್ದೆ. ಹೇಳಿದ ಹಾಗೇ ಬರೆದೆ: 'ಏ ಖೋಡಿ, ರೊಕ್ಕ ಮುಟ್ಟೇತಿ. ಎರಡ ಆಡ ತಗೊಂಡೇನಿ. ಒಂದಂತೂ ಥೇಟ ನಿನ್ನಂಗ, ಹಗ್ಗ ಬಿಚ್ಚಿದ್ರ ಊರ ಬಿಟ್ಟ ಓಡತೈತಿ. ಈ ಹುಡುಗಿ ಅವ್ವನ ಕಣ್ಣಿನ ರೊಕ್ಕ ಇವತ್ತ ಕೊಡಲಿಲ್ಲಂದ್ರ ನನ್ನ ಮಗಾ ಅಂತ ಯಾರ ಮುಂದೂ ಹೇಳಬ್ಯಾಡ. ಹೊಟ್ಟಿಗೆ ರೊಟ್ಟಿ ಸಿಗತೈತೋ ಇಲ್ಲೋ, ಮೂಳಾ?'

ಆಮೇಲಿನ ದಿನಗಳಲ್ಲಿ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಕೊನೆಗೂ ಬಂತು! ಸುಮತಿ ಮೊದಲ ಸಾಲು ಓದಿದ ಕೂಡಲೇ ಮಲ್ಲಪ್ಪ ಕಾಗದ ಕಸಿದು ಎದೆಗವಚಿಕೊಂಡು, ಊಟದ ಮನೆಯ ನಡುವೆಯೇ ನಗುತ್ತಾ ಅಳುತ್ತಾ "ನಮ್ಮವ್ವ! ನಮ್ಮವ್ವ ಬೈದಾಳ!" ಎಂದು ಕೂಗಾಡಿದನಂತೆ. ನಲವತ್ತು ರೂಪಾಯಿ ಅಂದೇ ಕೊಟ್ಟ. ಶಸ್ತ್ರಕ್ರಿಯೆಯ ದಿನ ರಿಕ್ಷಾ ತಂದು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಪಟ್ಟಿ ಬಿಚ್ಚಿದಾಗ ಅಮ್ಮನಿಗೆ ಕಂಡಿತು. ನಾನು ಆ ಸಾಲನ್ನು ಓಣಿಯವರಿಗೆಲ್ಲ ಓದಿ ಹೇಳಿ ಬೆಲ್ಲ ಹಂಚಿದೆ.

ಈಗ ಎರಡು ವರ್ಷವಾಯಿತು, ನಮ್ಮ ಈ ಏರ್ಪಾಟು ನಡೆದೇ ಇದೆ. ಮಲ್ಲಪ್ಪ ವಾರಕ್ಕೊಮ್ಮೆ ಅಮ್ಮನ ಕೈಯ ಊಟ ಮಾಡುತ್ತಾನೆ, ನಾನು ಗೌರವ್ವನ ಕೈಯ ರೊಟ್ಟಿ ತಿನ್ನುತ್ತೇನೆ. ನನ್ನ ಕಾಗದ ಓದಿ ಅಮ್ಮ, "ಇದೆಂತ ಮಾತು ಮಾರಾಯ್ತಿ, ಬಯಲುಸೀಮೆಯವಳಾಗಿ ಹೋದೆ" ಎನ್ನುತ್ತಾಳೆ. ತಿಕೋಟಾದ ಬಸ್ಸಿನಲ್ಲಿ ಬಾಯಿ ತೆರೆದರೆ "ಯಾವ ಕಡೆಯವರ್ರಿ ನೀವು?" ಎಂದು ಇಂದಿಗೂ ಕೇಳುತ್ತಾರೆ.

ಈ ಬೇಸಿಗೆ ರಜೆಗೆ ಕೊನೆಗೂ ಕೊಲಂಬೊಗೆ ಹೊರಟಿದ್ದೇನೆ. ಮೊನ್ನೆ ಹೇಳಿ ಬರಲು ಹೋದಾಗ ಗೌರವ್ವ ಉಡಿ ತುಂಬಿದಳು.

"ಹೋಗಿ ಬಾ ತಂಗಿ. ಅಂವನ ಎದುರಿಗೆ ನಿಂತು ಬಾಯಿ ತುಂಬ ಬೈ. ಕಾಗದದಾಗ ಬೈದ್ರ ನನಗ ಸಮಾಧಾನ ಆಗೂದಿಲ್ಲ."

"ಏನಂತ ಬೈಲಿ ಯವ್ವಾ?" ಎಂದೆ.

ಅವಳು ಬಾಯಿ ತೆರೆದಳು. ಒಂದು ಬೈಗುಳವೂ ಬರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲ ಉಂಡೀ ಏನಂತ ಕೇಳು. ಆಮ್ಯಾಲ ಬೈ" ಎಂದಳು.

ಅಮ್ಮನನ್ನು ನೋಡುವ ಸಂಭ್ರಮದಲ್ಲಿದ್ದವಳು, ಬಸ್ಸು ತಿಕೋಟಾ ಬಿಟ್ಟಾಗ ತವರಿನಿಂದ ಹೊರಟ ಮದುಮಗಳ ಹಾಗೆ ಅತ್ತುಬಿಟ್ಟೆ.